ಸೂಜಿ ಮುಟ್ಟದ ಶುಕ್ರವಾರ

ರುವಿಯ ಹಿಂದಿನ ಗಲ್ಲಿ. ಜುಮ್ಮಾ ಮುಗಿಯುವ ತನಕ
ಅರ್ಧಕ್ಕೆ ಇಳಿಸಿದ ಶಟರು.
ಅದರ ಕೆಳಗೆ ಮೊದಲು ಕಂಡದ್ದು ಚಪ್ಪಲಿ,
ಮೂರು ಜೊತೆ, ಹಿಂದೆಯೇ ಇನ್ನೊಂದು ಒಂಟಿ.
"ಅಂಕಲ್, ಮಮ್ಮಿಗೆ ರಾತ್ರಿ ಡ್ಯೂಟಿ ಇತ್ತು, ಮಲಗಿದ್ದಾಳೆ.
ನಿಮ್ಮಲ್ಲಿ ಕೂತು ಮಾಡಿ ಅಂದಳು.
ಸೂಜಿ ಮಾತ್ರ ಮುಟ್ಟಬಾರದಂತೆ."

ಇಪ್ಪತ್ತಾರು ವರ್ಷ ಸೂಜಿಯಲ್ಲೇ ಅನ್ನ ಉಂಡವನ ಅಂಗಡಿಯಲ್ಲಿ
ಸೂಜಿ ಮುಟ್ಟಬಾರದಂತೆ!
ಆಗಲಿ. ಡಬ್ಬಿಗೆ ಮುಚ್ಚಳ ಹಾಕಿದೆ,
ಎದೆಗೆ ಚುಚ್ಚಿಕೊಂಡಿದ್ದ ಎರಡನ್ನೂ ಕಿತ್ತು ಒಳಗಿಟ್ಟೆ.
ಮೇಜಿನ ಮೇಲಿದ್ದ ಆರು ದಿಶ್ದಾಶ
ಗೋಡೆಯ ಮೊಳೆಗೆ ಹೋಗಿ ಬಿಗಿದುಕೊಂಡು ನಿಂತವು,
ಗಂಡಿನ ಕಡೆಯವರ ಹಾಗೆ.

ಡೆಲ್ವಿಟಾ ತಂದದ್ದು ಫೆಲ್ಟ್: ಕೆಂಪು, ಹಸಿರು, ಒಂದು ಬೂದಿ,
ಹಾಳೆಗೆ ಮುನ್ನೂರು ಬೈಸೆ.
ಮಿಶಾಲ್ ತಂದದ್ದು ಅಂಟು.
ಸುಡಾನಿನ ರಿಹಾಬ್ ತಂದದ್ದು
ಒಂದೇ ಚಪ್ಪಲಿಯ ತಮ್ಮನನ್ನು.

ನಕ್ಷತ್ರ ಸುಲಭ. ಎರಡು ತ್ರಿಕೋನ, ಒಂದನ್ನು ತಿರುಗಿಸಿಟ್ಟು ಅದುಮು.
ಮರಕ್ಕೆ ಮೇಲಿಂದ ಒಂದು ಸೀಳು, ಅದರ ಜೋಡಿಗೆ ಕೆಳಗಿಂದ,
ಒಂದರೊಳಗೊಂದು ಕೂತರೆ ತಾನಾಗಿ ನಿಲ್ಲುತ್ತದೆ.
ಹಕ್ಕಿಗೆ ಹೊಟ್ಟೆಯಲ್ಲೊಂದು ಸಣ್ಣ ಕಂಡಿ,
ರೆಕ್ಕೆಯನ್ನು ಅದರಲ್ಲಿ ತೂರಿಸಿ ಎಳೆ,
ಸಾಕು, ಸಾಕು ಮಾರಾಯ್ತಿ, ಹರಿದೀತು.

"ಅಂಚು ಮಡಚಿ ಹೊಲಿಯದಿದ್ದರೆ
ನೂಲು ಬಿಟ್ಟುಕೊಳ್ಳುವುದಿಲ್ಲವಾ?"
ಕೇಳಿದವನು ನಾನು.
ನಾಲ್ಕೂ ತಲೆಗಳು ಎದ್ದವು. ನೋಡಿದವು,
ಅಯ್ಯೋ ಪಾಪ ಅನ್ನುವ ಹಾಗೆ.

ಬೂದಿ ತುಂಡನ್ನು ಟ್ಯೂಬ್‌ಲೈಟಿಗೆ ಹಿಡಿದೆ.
ಹಾಸಿಲ್ಲ. ಹೊಕ್ಕಿಲ್ಲ.
ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟೇ ಮುದುಕನಾದ ನನ್ನಜ್ಜ
ಇದನ್ನು ಬಟ್ಟೆಯೆಂದು ಒಪ್ಪುತ್ತಿದ್ದನೇ?
"ಹಾಸು ಸುಳ್ಳಾಡಿದರೆ ಹೊಕ್ಕು ಏನು ಮಾಡೀತು" ಅನ್ನುತ್ತಿದ್ದವನು.
ಇಲ್ಲಿ ಬರೀ ಎಳೆ. ಯಾವುದೋ ಕಾರ್ಖಾನೆಯಲ್ಲಿ
ಅಮುಕಿಸಿಕೊಂಡು, ದಿಕ್ಕುದೆಸೆಯಿಲ್ಲದೆ
ಒಂದರ ಜುಟ್ಟು ಇನ್ನೊಂದು ಹಿಡಿದು ಕೂತದ್ದು.
ಎಲ್ಲಿ ಕತ್ತರಿಸಿದರೂ ಬಿಡುವುದಿಲ್ಲ.

ತೂಗಹಾಕಲು ದಾರ?
ದಿಶ್ದಾಶದ ಕೊರಳಿಗಿಳಿಯುವ ಫರಾಖ,
ಅಳತೆ ಮೀರಿದ ಗೊಂಡೆಗಳು ಬಿಸ್ಕತ್ತು ಡಬ್ಬಿ ತುಂಬ ಇದ್ದವು.
ರಿಪೇರಿಗೆ ಬಂದದ್ದರಿಂದ ಬಿಚ್ಚಿದ ಹಳೆಯದೊಂದು,
ಅತ್ತರು ಕುಡಿದು ಕುಡಿದು ಕಂದಾದದ್ದು,
ಅದೇ ಬೇಕೆಂದು ಜಗಳ.
ಹಾಗಾಗಿ ಹಿಲ್ಡಾಬಾಯಿಯ ಮನೆಯ ಕ್ರಿಸ್ಮಸ್ ಮರಕ್ಕೆ ಈ ಸಲ
ನಿಜ್ವಾದ ಯಾವನೋ ಗುಮಾಸ್ತನ ಕೊರಳಿನ ವಾಸನೆ.

ಅಷ್ಟರಲ್ಲಿ ಸಣ್ಣವನು ಅಂಟಿಸಿದ್ದು
ತನ್ನ ಹೆಬ್ಬೆರಳಿಗೆ ತನ್ನದೇ ತೋರುಬೆರಳು.
ಅಳಲಿಲ್ಲ. ಆ ಉಂಗುರದೊಳಗಿಂದ
ನಮ್ಮೊಬ್ಬೊಬ್ಬರನ್ನೂ ನೋಡಿದ.

ಎಲ್ಲ ಹೋದರು. ಡೆಲ್ವಿಟಾಳ ಹಕ್ಕಿ ಉಳಿಯಿತು,
"ಒಣಗಲಿ ಅಂಕಲ್, ನಾಳೆ ಒಯ್ಯುತ್ತೇನೆ."
ರಾತ್ರಿ ಹತ್ತಕ್ಕೆ ರೆಕ್ಕೆ ಕಳಚಿತ್ತು.
ಕಂಡಿ ದೊಡ್ಡದಾಗಿದೆ, ಅಷ್ಟೇ.
ಡಬ್ಬಿಯ ಮುಚ್ಚಳ ನನ್ನನ್ನು ನೋಡಿತು, ನಾನು ಅದನ್ನು.
ಒಂದೇ ಒಂದು ಹೊಲಿಗೆ, ಒಳಗಿಂದ,
ಬೂದಿಗೆ ಬೂದಿ ನೂಲು, ದೇವರಿಗೂ ಕಾಣದ್ದು.
ಹಾಕಿದೆ. ಹಲ್ಲಲ್ಲಿ ಕಡಿದೆ.
ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು.

ಆಮೇಲೆ ಬಿಚ್ಚಿದೆ.

ಸ್ಯಾಟಿನ್ನಾದರೆ ಸೂಜಿ ಹೊಕ್ಕ ತೂತು
ಬಟ್ಟೆ ಸಾಯುವ ತನಕ ಹೇಳುತ್ತಲೇ ಇರುತ್ತದೆ.
ಇದನ್ನು ಉಗುರಿನಿಂದ ತಿಕ್ಕಿದೆ ಎರಡು ಸಲ,
ಎಲ್ಲಿ ಚುಚ್ಚಿದೆನೆಂದು ನನಗೇ ಸಿಗಲಿಲ್ಲ.
ಬೊಟ್ಟು ಅಂಟು ಹಚ್ಚಿ, ಮೇಲೆ
ತಣ್ಣಗಿನ ಇಸ್ತ್ರಿಪೆಟ್ಟಿಗೆ ಹೇರಿ, ಬಾಗಿಲೆಳೆದೆ.

ಬೆಳಿಗ್ಗೆ ಬಂದವಳು ರೆಕ್ಕೆ ಎಳೆದು ನೋಡಿದಳು.
ಆಮೇಲೆ ನನ್ನ ಮುಖ.
"ಹೊಲಿದಿರಾ?"
"ಇಲ್ಲ."
ಕೈಯಲ್ಲಿ ಎರಡು ಕಲ್ಕಲ್ ಇತ್ತು.
ಯೋಚಿಸಿ, ಸಣ್ಣದನ್ನು ನನಗೆ ಕೊಟ್ಟಳು.