ಒಗೆಯದ ತುಂಡು

ಹತ್ತಿ ಬಟ್ಟೆ ಇರಬೇಕು, ಬಣ್ಣ ಇರಬಾರದು,
ಒಂದು ಗೇಣು ಆಳ, ಅರವತ್ತು ದಿನ.
ಆಲೂರಿನ ತರಬೇತಿಯಲ್ಲಿ ಹೇಳಿಕೊಟ್ಟರು:
ಮಣ್ಣಿನ ಜೀವ ಅಳೆಯೋಕೆ ಯಂತ್ರ ಬೇಡ,
ಹಸಿವಿದೆಯಾ ಅಂತ ಕೇಳಿದರೆ ಸಾಕು.

ಹಳೇ ಪಂಚೆಯೊಂದನ್ನು ಮೂರು ತುಂಡು ಹರಿದು
ಅಂಚು ಹೊಲಿಯುತ್ತ ಕೂತೆ.
ಸಣ್ಣೀರಜ್ಜಿ ಎಲೆಯಡಿಕೆ ಕುಟ್ಟೋದು ನಿಲ್ಲಿಸಿತು.
‘ಮಡಿವಾಳರ ಮನೇಲಿ ಹುಟ್ಟಿ
ಬಟ್ಟೆನ ಮಣ್ಣಿಗೆ ಹಾಕ್ತೀಯಲ್ಲೇ.
ಚೌಳಲ್ಲಿ ಅದ್ದಿ, ಉಬ್ಬೆಗೆ ಹಾಕಿ,
ಹೊಳೆಗಲ್ಲಿಗೆ ಎಷ್ಟು ಸಲ ಬಡಿದಿದ್ದ ನಿಮ್ಮ ತಾತ!’
ಆ ಕಲ್ಲೀಗ ಹೇಮಾವತಿ ಹಿನ್ನೀರಿನ ತಳದಲ್ಲಿದೆ.

ಒಂದು ತುಂಡಿನ ಮೂಲೆಯಲ್ಲಿ ಕರಿಗೇರಿನ ಗುರುತು,
ಅಡ್ಡಗೀಟು, ಎರಡು ಚುಕ್ಕಿ.
ತಮ್ಮೇಗೌಡರ ಮನೆ ಅಂತ ಅದರರ್ಥ.
ಓದು ಬಾರದ ತಾತ ಬರೆದ ಅಕ್ಷರ,
ಯಾವ ಒಗೆತಕ್ಕೂ ಹೋಗದ್ದು.

ಮೊದಲ ತುಂಡು ಶುಂಠಿ ಹೊಲಕ್ಕೆ.
ಎರಡು ವರ್ಷ ಗುತ್ತಿಗೆ, ಆಮೇಲೆ ಕೊಳೆರೋಗ,
ಆಮೇಲೆ ಡ್ರಮ್ಮುಗಟ್ಟಲೆ ಔಷಧಿ,
ಆಮೇಲೆ ಪೈಪು ಸುತ್ತಿಕೊಂಡು ಹೊರಟುಹೋದರು.
ಎರಡನೆಯದು ಸಿಲ್ವರ್ ಓಕಿನ ನೆರಳಲ್ಲಿ
ಕಾಫಿ ಗಿಡದ ಬುಡಕ್ಕೆ.
ಗುರುತಿನದು ದೇವರಬನಕ್ಕೆ.
ಬನದಿಂದ ಒಣಕಡ್ಡಿಯೂ ತರಬಾರದು.
ಕೊಡಬಾರದು ಅಂತ ಯಾರೂ ಹೇಳಿಲ್ಲ.

ಮೃಗಶಿರೆ ಬರೀ ಮೋಡ.
ಆರಿದ್ರೆ ಬಾಗಿಲವರೆಗೆ ಬಂದು ತಿರುಗಿತು.
ಪುಷ್ಯದ ಒಂದೇ ರಾತ್ರಿ
ತಿಂಗಳ ಬಾಕಿಯೆಲ್ಲ ಸುರಿದು
ರಸ್ತೆಯ ಡಾಂಬರು ಕಿತ್ತುಕೊಂಡು ಹೋಯಿತು.

ಅರವತ್ತೊಂದನೇ ದಿನ ಗುದ್ದಲಿ ಹಿಡಿದೆ.

ಶುಂಠಿ ಹೊಲದ ತುಂಡು ಕೊಡವಿದೆ.
ಬಿಳಿ.
ತಾತನ ಕೈಯಲ್ಲೂ ಇಷ್ಟು ಬಂದಿತ್ತೋ ಇಲ್ಲವೋ.
ಬಿಳುಪಿಗಾಗಿಯೇ ಬದುಕಿದ ಮನೆಯವಳು,
ಬಿಳುಪು ಕಂಡು ಮೈ ನಡುಗಿದ್ದು ಅವತ್ತೇ ಮೊದಲು.
ಎಲೆ ಹಾಸಿದೆ,
ಪಂಕ್ತಿಯಲ್ಲಿ ಒಬ್ಬರೂ ಇಲ್ಲ.

ಕಾಫಿ ಬುಡದ್ದು ತೂತು ತೂತು,
ಬೆಕ್ಕು ಪರಚಿದ ಹಾಗೆ.
ಅದಕ್ಕೊಂದಿಷ್ಟು ಸಮಾಧಾನ ಪಟ್ಟು ಬನಕ್ಕೆ ಹೋದೆ.

ಅಲ್ಲಿ ಬಟ್ಟೆಯೇ ಇಲ್ಲ.
ಕೈ ಬಿಟ್ಟು ತಡಕಿದರೆ ಎರೆಹುಳ, ತಣ್ಣನೆ ಘಮ,
ಕೊನೆಗೆ ನಾನು ಹೊಲಿದ ಟೆರಿಲಿನ್ ದಾರ,
ಗೋಡೆ ಬಿದ್ದ ಮೇಲೂ ನಿಂತ ಚೌಕಟ್ಟು.
ಗೇರಿನ ಗುರುತು?
ತಾತನ ಬರಹವನ್ನು ಓದಿ ಮುಗಿಸಿ ನುಂಗಿದ್ದರು.

ದಾರದ ಸುತ್ತ ದಾರಕ್ಕಿಂತ ತೆಳು ಎಳೆಗಳು,
ಒಂದು ತುದಿ ಹೆಬ್ಬಲಸಿನ ಬೇರಿನಲ್ಲಿ.
ತರಬೇತಿಯ ಮೇಡಂ ಹೇಳಿದ್ದು ನೆನಪಾಯಿತು:
ಇವು ನೀರು ಹೊತ್ತು ತರುತ್ತವೆ, ರಂಜಕ ತರುತ್ತವೆ,
ಬೇರು ಸಕ್ಕರೆ ಕೊಡುತ್ತದೆ.
ಓ, ಆಯ, ಅಂದುಕೊಂಡೆ.
ಸುಗ್ಗಿಯ ಕಣದಲ್ಲಿ ನಮಗೆ ಮೊರದಲ್ಲಿ ರಾಗಿ ಸುರಿಯುತ್ತಿದ್ದ ಹಾಗೆ.
ನಾವು ಕಣದ ಅಂಚಲ್ಲೇ ನಿಲ್ಲಬೇಕಿತ್ತು, ಅದು ಬೇರೆ ಮಾತು.
ಬೇರಿನ ಲೆಕ್ಕದಲ್ಲಿ ಅಂಚು ಉಂಟೋ ಇಲ್ಲವೋ
ಮೇಡಂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬನದ್ದು ತರಬಾರದು. ಆದರೆ ದಾರ ನನ್ನದು.
ಅಂಟಿದ ಮಣ್ಣು ಯಾರದು ಅಂತ
ದೇವರು ನಾನು ಆಮೇಲೆ ಮಾತಾಡಿಕೊಳ್ಳುತ್ತೇವೆ.

ಕೊಡವಲಿಲ್ಲ, ಜಾಲಿಸಲಿಲ್ಲ.
ಶುಂಠಿ ಹೊಲದ ಅದೇ ಗುಂಡಿಗೆ ಇಟ್ಟು
ಮೇಲೆ ಹಿಡಿ ಹುರುಳಿ ಎರಚಿ ಬಂದೆ.

‘ಮೂರನೇ ತುಂಡು ಒಗೆದೆಯಾ?’
‘ಇಲ್ಲಜ್ಜಿ.’
ಅಜ್ಜಿ ಬಹಳ ಹೊತ್ತು ನೋಡಿತು.
ಮತ್ತೆ ಕುಟ್ಟಣಿ ಎತ್ತಿಕೊಂಡಿತು.

ಹುರುಳಿ ಎರಡೆಲೆ ಬಿಟ್ಟಿದೆ.
ಅದಕ್ಕೇನು, ಎರಡೆಲೆ ಕಲ್ಲಿನ ಮೇಲೂ ಬಿಡುತ್ತದೆ,
ಬೀಜದಲ್ಲಿ ಕಟ್ಟಿ ಕಳಿಸಿದ ಬುತ್ತಿ ತಿಂದು.
ಮೂರನೆಯದರಿಂದ ಮಣ್ಣಿನ ಮಾತು.
ದಿನಾ ಬೆಳಿಗ್ಗೆ ಹೋಗಿ
ಬಗ್ಗಿ ನೋಡಿ ಬರುತ್ತೇನೆ.