ಅಳತೆ ಪುಸ್ತಕದ ಕೊನೆಯ ಹಾಳೆ

ಪಟ್ಟಾಯದ ಕೋಟಿನಂಗಡಿಯಲ್ಲಿ ಹನ್ನೊಂದು ವರ್ಷ
ಕತ್ತರಿ ಹಿಡಿದು ಬಂದವರು ಇವರು.
ತಂದದ್ದು ಒಂದು ಉಗಿ ಇಸ್ತ್ರಿಪೆಟ್ಟಿಗೆ, ಮಂಡಿನೋವು,
ನೀಲಿ ರಟ್ಟಿನ ಅಳತೆ ಪುಸ್ತಕ.
ಈಗ ಹೊಸಂಗಡಿಯಲ್ಲಿ, ರೈಲ್ವೆ ಗೇಟಿನ ಹತ್ತಿರ ರವಿಕೆ ಹೊಲಿಯುತ್ತಾರೆ.
ಮೂರು ಲಿಪಿಯ ಬೋರ್ಡು. ಮೂರರಲ್ಲೂ ಇವರದೇ ಹೆಸರು,
ಒಂದರಲ್ಲೂ ನಾನು ಗಟ್ಟಿಯಾಗಿ ಓದುವುದಿಲ್ಲ.

ಪುಸ್ತಕದ ತುಂಬ ಎದೆ, ಸೊಂಟ, ತೋಳು,
ಯಾರ್ಯಾರದ್ದೋ ಪರದೇಶದ ಹೊಟ್ಟೆಗಳ ಸುತ್ತಳತೆ.
ಕೊನೆಯ ಹಾಳೆಯಲ್ಲಿ ಮಾತ್ರ ಅಂಕಿಯಿಲ್ಲ.
ಕನ್ನಡ ಅಕ್ಷರದಲ್ಲಿ ಬರೆದ, ಕನ್ನಡವಲ್ಲದ್ದು:
ಸುವೈ. ನಾರಕ್. ಲೋ.
ಒಂದೊಂದರ ತಲೆಯ ಮೇಲೂ ಪೆನ್ಸಿಲಿನ ಕೊಕ್ಕೆ.

"ಏನಿದು?"
"ಚೆಂದ ಅಂತ ಹೇಳುವುದು."
ಕೋಟು ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ,
ಹಿಂದೆ ನಿಂತು ಹೇಳದಿದ್ದರೆ ದುಡ್ಡು ಹುಟ್ಟುವುದಿಲ್ಲವಂತೆ.
ಗಂಡಸು ಹೇಳಿದರೆ ಕೊನೆಗೊಂದು 'ಕ್ರಪ್'
(ಕ್ರಾಪಿನ ತಮ್ಮ, ಆದರೆ ತಲೆಗಲ್ಲ, ವಿನಯಕ್ಕೆ),
ಹೆಂಗಸು ಹೇಳಿದರೆ 'ಖಾ'.

ಸುವೈ. ಬಾವಿಯಿಂದ ಕೊಡ ಸೇದಿದ ಹಾಗೆ
ತಳದಿಂದ ಮೇಲಕ್ಕೆ ತರಬೇಕು ಸ್ವರ,
ಪ್ರಶ್ನೆ ಕೇಳಿದಂತೆ, ಆದರೆ ಅನುಮಾನವಿಲ್ಲದೆ.
ಸಪಾಟಾಗಿ ಹೇಳಿದಿರೋ, ಅದೇ ಮಾತು
ಅಪಶಕುನ.
ನಮ್ಮ ಅಕ್ಷರಕ್ಕೆ ಕೊಂಬುಂಟು, ದೀರ್ಘವುಂಟು, ಒತ್ತುಂಟು,
ಇದಕ್ಕೊಂದು ಚಿಹ್ನೆಯಿಲ್ಲ.
ಮೊದಲ ವಾರವೇ ಮಾಲಿಕನ ಹೆಂಡತಿಗೆ, ಅಲ್ಲಿಯವಳೇ ಅವಳು,
ಕೈ ಮುಗಿದು, ನಗುನಗುತ್ತಾ, ಅಪಶಕುನ ಅಂದುಬಿಟ್ಟರಂತೆ.
"ಆಮೇಲೆ?"
"ನಕ್ಕಳು. ಪೆನ್ಸಿಲು ತಂದು ಕೊಕ್ಕೆ ಎಳೆದು ಕೊಟ್ಟಳು."
ಅಷ್ಟು ಹೇಳಿ ಸೂಜಿಗೆ ನೂಲು ಪೋಣಿಸಲು ಕೂತರು.
ಪೋಣಿಸಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು.
ನಾನು ಮತ್ತೆ ಕೇಳಲಿಲ್ಲ.

ನಮ್ಮಲ್ಲೇನು ಮಾತಿಗೆ ಬರವೇ?
ತುಳುವಿನಲ್ಲಿ ಪೊರ್ಲು, ನಫೀಸಾಳ ಮನೆಯಲ್ಲಿ ಮೊಂಜು,
ಬೆನೆಡಿಕ್ಟಾ ಬಾಯಿಯ ಬಾಯಲ್ಲಿ ಸೊಬಿತ್.
ಆದರೆ ಯಾವುದರಲ್ಲಿ ಹೇಳಿದರೂ ಕಣ್ಣು ತಾಗುತ್ತದೆ,
ಕೂಡಲೆ ಉಪ್ಪು ಮೆಣಸು ನಿವಾಳಿಸಬೇಕು.
ಮಗುವನ್ನು ಕರಿಮಂಗ ಎಂದೇ ಎತ್ತಿಕೊಳ್ಳಬೇಕು.
ಮದುವೆಯ ದಿನ ನನ್ನನ್ನು ನೋಡಿ ಇವರ ಅಮ್ಮ ಅಂದದ್ದು
"ಕಿವಿಯ ತೂತು ಸಣ್ಣದಾಯಿತು."
ಅದು ಹೊಗಳಿಕೆ ಎಂದು ತಿಳಿಯಲು ನನಗೆ ಏಳು ವರ್ಷ.

ಇವರೋ, ಮೂವತ್ತೆರಡು ವರ್ಷಕ್ಕೆ ಒಂದೇ ಸಲ:
"ನಿನ್ನ ಎಡಭುಜ ಚೂರು ಇಳಿದಿದೆ ರಾಜೀವಿ,
ಕಾಲಿಂಚು ಎತ್ತಿದ್ದೇನೆ."
ಟೇಪು ಹಿಡಿದಿರಲಿಲ್ಲ.

ಮೊನ್ನೆ ನಫೀಸಾಳ ಮಗನ ನಿಕಾಹು.
ಪೆಟ್ಟಿಗೆಯ ತಳದಿಂದ ತನ್ನ ಕೋಟು ತೆಗೆದರು,
ಹನ್ನೊಂದು ವರ್ಷದಲ್ಲಿ ತನಗೆಂದು ಹೊಲಿದದ್ದು ಅದೊಂದೇ.
ನುಸಿಗುಳಿಗೆಯ ವಾಸನೆ. ಹೊಟ್ಟೆಯ ಗುಂಡಿ ಕಾಜಕ್ಕೆ ಎಟಕುವುದಿಲ್ಲ.
ಅಂಗಡಿಯ ಕನ್ನಡಿಯ ಮುಂದೆ ನಿಂತರು, ಗಿರಾಕಿಯಂತೆ.
ನಾನು ಹಿಂದೆ.

ಗಂಡಸರಿಗೆ ಹೇಳುವ ಮಾತು ಮೂರನೆಯದು. ಲೋ.
ಘಟ್ಟದ ಮೇಲಿನ ಲಾರಿಯವರು ಕ್ಲೀನರನ್ನು ಕರೆಯುವ ಮಾತು!
'ಇಕೊಳ್ಳಿ', 'ಕೇಳಿತಾ' ಎಂದೇ
ಮೂವತ್ತೆರಡು ವರ್ಷ ಕರೆದ ಬಾಯಿ ನನ್ನದು.
ಇದರ ಕೊಕ್ಕೆ ಕೆಳಮುಖ.
ಬಾವಿಗೆ ಕೊಡ ಇಳಿಬಿಟ್ಟ ಹಾಗೆ ಸ್ವರ ಇಳಿಸಿ
"ಲೋ" ಅಂದೆ.
ಉಸಿರು ಹಿಡಿದು, "ಖಾ."

ಗೇಟು ಬಿದ್ದಿತ್ತು. ಗಾಡಿ ದಾಟುವವರೆಗೆ ಕನ್ನಡಿ ಅದುರಿತು,
ಅದರೊಳಗೆ ನಾವಿಬ್ಬರೂ.
ಇವರು ಆ ಗುಂಡಿ ಹಾಕುತ್ತಲೇ ಇದ್ದರು.
ಆಮೇಲೆ, ತಿರುಗದೆಯೇ,
"ಸ್ವರ ಇನ್ನೂ ಸ್ವಲ್ಪ ಕೆಳಗೆ ಹೋಗಬೇಕು" ಅಂದರು.
"ಇನ್ನೊಮ್ಮೆ ಹೇಳು, ನೋಡುವ."