ಅಂದುಂಞಿ ತೋರಿಸಿದ ನಡಿಗೆ

ಸಿಂಗಾಪುರದಲ್ಲಿ ಹನ್ನೊಂದು ವರ್ಷ ಟಾಕೀಸಿನ ಗೇಟು ಕಾದು
ಅಂದುಂಞಿ ಕುಂಬಳೆಗೆ ವಾಪಸು ಬಂದಾಗ ತಂದದ್ದು
ಒಂದು ಟಾರ್ಚು, ಎರಡು ಕೊಡೆ,
ಮತ್ತೆ ಪೆಟ್ಟಿಗೆಯ ಅಡಿಯಲ್ಲಿ, ಹೆಂಡತಿಗೆ ಕಾಣದ ಹಾಗೆ,
ಫಾಂಗ್ ಸೂ-ಲಿಯೆನ್.

ಅಂಗೈಯಗಲದ ಪಟ. ತಲೆಗೆ ಕರಿ ಟೊಪ್ಪಿ, ಕೈಯಲ್ಲಿ ಬೀಸಣಿಗೆ.
"ಯಾರಿದು ಹುಡುಗ?" ಅಂದೆ.
"ಹುಡುಗ ಅಲ್ಲ ಸಂಕಪ್ಪಾ, ಹೆಂಗಸು.
ಆ ಊರಲ್ಲಿ ಗಂಡಿನ ವೇಷ ಹೆಂಗಸರು ಕಟ್ಟುವುದು."
ನಾನು ಆಗಷ್ಟೇ ಮೇಳದ ಚೌಕಿಯಿಂದ ಬಂದವ,
ಕಿವಿಯ ಹಿಂದೆ ಇನ್ನೂ ಅರದಾಳ,
ಹುಬ್ಬಿನಲ್ಲಿ ರಾತ್ರಿಯ ರಾಣಿ.
ಪಟವನ್ನು ಬೆಳಕಿಗೆ ಹಿಡಿದು ನೋಡಿದೆ.
ಅವಳೂ ನೋಡಿದಳು ಅಂತ ಹೇಳುವುದಿಲ್ಲ.
ಪಟ ಪಟವೇ.

ಅವಳ ಒಂದು ಸಿನೆಮಾವನ್ನೂ ನಾನು ಕಂಡವನಲ್ಲ.
ನನಗೆ ಅವಳು ಬಂದದ್ದು ಅಂದುಂಞಿಯ ಬಾಯಲ್ಲಿ,
ಬ್ಯಾರಿ, ತುಳು, ಚೂರು ಮಲಾಯಿ ಕಲಸಿದ ಬಾಯಿ,
ಸಂಜೆ ನಾಲ್ಕರಿಂದ ಮಗ್ರಿಬಿನ ಬಾಂಗಿನ ತನಕ
ಅವನ ಬೀಡಿ ಅಂಗಡಿಯ ಬೆಂಚಿನಲ್ಲಿ.

ಹದಿನಾರಕ್ಕೆ ಹಾಂಗ್‌ಕಾಂಗಿನ ದೋಣಿ ಹತ್ತಿದಳಂತೆ,
ಅಮ್ಮನ ಒಂದು ಬಳೆ ಮಾರಿ.
ಕಂಪೆನಿಗೆ ಎಂಟು ವರ್ಷ ಬರೆದುಕೊಟ್ಟ ಕಾಗದ:
ಮದುವೆಯಾಗಕೂಡದು, ತೋರ ಆಗಕೂಡದು,
ಬಿಸಿಲಿಗೆ ಹೋಗಕೂಡದು.
ಮೂರು ವರ್ಷ ದಾಸಿಯರ ಸಾಲಿನಲ್ಲಿ ಎಡಗಡೆಯ ಕೊನೆಯವಳು.
ಮತ್ತೊಂದು ದಿನ ಗಂಡುವೇಷದಾಕೆಗೆ ಜ್ವರ.
ನನಗೆ ನಗು ಬಂತು. ನಮ್ಮ ಮೇಳದಲ್ಲೂ
ಎಷ್ಟು ಜನರ ಭಾಗ್ಯ ಇನ್ನೊಬ್ಬನ ಜ್ವರದಲ್ಲಿತ್ತು!

ಆಮೇಲೆ ವಿದ್ಯಾರ್ಥಿ, ರಾಜಕುಮಾರ, ಪರೀಕ್ಷೆ ಗೆದ್ದ ಬಡವ.
ಮುದುಕಿಯರು ಪರದೆಗೆ ಉಂಗುರ ಎಸೆದರಂತೆ,
ಅಂದುಂಞಿ ಟಾರ್ಚು ಹಾಕಿ ಹುಡುಕಿ ಕೊಟ್ಟನಂತೆ.
ಒಂದು ಮಾತ್ರ ಸಿಕ್ಕಲೇ ಇಲ್ಲವಂತೆ.
ಬೀಫಾತಿಮ್ಮನ ಬೆರಳನ್ನು ನಾನು ಕಂಡಿದ್ದೇನೆ. ಕೇಳಲಿಲ್ಲ.

ಒಂದು ಗುಟ್ಟನ್ನು ಎರಡು ಮಳೆಗಾಲ ತಡೆದು ಹೇಳಿದ:
"ಹಾಡು ಅವಳದ್ದಲ್ಲ ಮಾರಾಯ. ಇನ್ನೊಬ್ಬಳದ್ದು.
ಇವಳದ್ದು ಬರೀ ತುಟಿ."
ತಲೆ ತಗ್ಗಿಸಿದ, ತಂಗಿಯ ದೋಷ ಹೇಳಿದವನ ಹಾಗೆ.
ಅದರಲ್ಲೆಂತ ಉಂಟು, ಅಂದೆ.
ನಾನು ಆರು ತಿರುಗಾಟ ಅತ್ತದ್ದು
ಭಾಗವತರ ಗಂಟಲಲ್ಲಿ.

ಅವಳ ಕೊನೆ ಮಾತ್ರ ದಿನಕ್ಕೊಂದು.
ಚಹಾ ಕಡಕ್ ಇದ್ದ ದಿನ ಪಿನಾಂಗಿನ ರಬ್ಬರ್ ಸಾಹುಕಾರ, ಐದು ಮಕ್ಕಳು.
ಸೊಂಟನೋವಿನ ದಿನ ನಿದ್ದೆಗುಳಿಗೆ, ಬಾಡಿಗೆ ಕೋಣೆ,
ಹಾಲು ಮುಟ್ಟದ ಬೆಕ್ಕು.
ಒಮ್ಮೆ ಮಾತ್ರ ಹೇಳಿದ, "ಗೊತ್ತಿಲ್ಲ.
ನಾನು ಹಡಗು ಹತ್ತಿದ ಮೇಲೆ ಎಂತ ಆಯಿತೋ."

ನಡಿಗೆ ಕೇಳಿದ್ದು ನಾನೇ.
ಗಂಡಾಗಿ ನಡೆಯುವ ಹೆಣ್ಣು ಎಲ್ಲಿ ಅಡಗುತ್ತಾಳೆ, ಎಲ್ಲಿ ತೋರುತ್ತಾಳೆ?
ಅಂದುಂಞಿ ಎದ್ದ. ಮುಂಡು ಎತ್ತಿ ಕಟ್ಟಿದ.
ಗಡ್ಡ, ಹೊಟ್ಟೆ, ಏಣಿಯಿಂದ ಬಿದ್ದ ಕಾಲು,
ಬೆಂಚಿನಿಂದ ಹೊಗೆಸೊಪ್ಪಿನ ಗೋಣಿಯ ತನಕ ಏಳು ಹೆಜ್ಜೆ.
ಆರನೆಯದರಲ್ಲಿ ಹಿಮ್ಮಡಿ ಒಂದಿಷ್ಟು ತಡೆಯಿತು,
ಯಾರೋ ಹಿಂದಿನಿಂದ ಹೆಸರು ಕರೆದ ಹಾಗೆ.

ಆ ತಡೆಯನ್ನು ನಾನು ಇಟ್ಟುಕೊಂಡೆ.
ನೀರ್ಚಾಲಿನಲ್ಲಿ, ಮುಳ್ಳೇರಿಯದಲ್ಲಿ, ಪೈವಳಿಕೆಯ ಗದ್ದೆಯಲ್ಲಿ
ಗಂಡ ಬಿಟ್ಟುಹೋದ ರಾಣಿಯಾಗಿ
ಆರನೆಯ ಹೆಜ್ಜೆಗೆ ನಾನು ನಿಂತರೆ
ಮದ್ದಳೆಯವರೂ ಕೈ ಎತ್ತಿ ಕಾದರು.
ಹೆಂಗಸರು ಸೆರಗನ್ನು ಮೂಗಿಗೆ ಒತ್ತಿದರು.
"ಎಲ್ಲಿ ಕಲಿತದ್ದು?" "ಚೀನದಲ್ಲಿ." ನಕ್ಕರು.

ಕಳೆದ ವಾರ ಅವನ ಮೊಮ್ಮಗ ಶಾನಿದ್ ಫೋನು ತಂದ.
ಉಪ್ಪಾಪನ ಹೆಂಗಸು ಸಿಕ್ಕಿದಳು, ಅಂದ.
ಪಟದಷ್ಟೇ ಅಗಲದ ಪರದೆ.
ಸೇತುವೆ, ಕರಿ ಟೊಪ್ಪಿ, ಬೀಸಣಿಗೆ.
ನಡೆದಳು,
ಶಿರಿಯ ಹೊಳೆಯಲ್ಲಿ ಕಡವಿನ ದೋಣಿ ಜಾರುವ ಹಾಗೆ.
ಎಣಿಸಿದೆ. ಐದು. ಆರು. ಏಳು.
ಹದಿನಾಲ್ಕು.
ಎಲ್ಲಿಯೂ ತಡೆಯಲಿಲ್ಲ.

ನಿನ್ನ ಕುಂಟು, ಅಂದುಂಞಿ.
ನಲವತ್ತು ವರ್ಷ ನಾನು ಹೊತ್ತು ಕುಣಿದದ್ದು
ನಿನ್ನ ಬಲಗಾಲಿನ ನೋವು.

"ಇನ್ನೊಮ್ಮೆ ಹಾಕಲಾ ಅಜ್ಜ?"
ಬೇಡ, ಅಂದೆ.
ಚಾರ್ಜೂ ಕಮ್ಮಿ ಉಂಟು, ಅಂದ ಅವನು.